ಕತ್ತಿಯ ತುದಿ ಸುಳ್ಳು ಹೇಳಲ್ಲ: ತಾಯ್‌ಚಿ ಕತ್ತಿವರಸೆ ಕಲಿಯೋರಿಗೊಂದು ಪಾಠ

ಐದನೇ ಸೆಮ್ ಪರೀಕ್ಷೆ ಮುಗಿದ ಮೇಲೆ ಸಿಕ್ಕ ರಜೆಯಲ್ಲಿ ನಾನು ಒಂಬತ್ತೇ ದಿನಕ್ಕೆ ತಾಯ್‌ಚಿಯ 32 ಕತ್ತಿವರಸೆಗಳನ್ನು "ಮುಗಿಸಿದೆ". ಮುಗಿಸಿದೆ ಅನ್ನೋ ಪದವನ್ನ ಬೇಕಂತಲೇ ಬಳಸ್ತಿದ್ದೀನಿ. ಪರೀಕ್ಷೆಯ ಹಿಂದಿನ ರಾತ್ರಿ ಐದು ಯುನಿಟ್ ಮುಗಿಸ್ತೀವಲ್ಲ, ಹಾಗೆ. ಮೊಬೈಲಿನಲ್ಲಿ ವಿಡಿಯೊ ಹಾಕ್ಕೊಂಡು, ಮನೆಯ ಟೆರೇಸಿನ ಮೇಲೆ, ಕೈಯಲ್ಲಿ ಒಂದು ಮರದ ಕತ್ತಿ ಹಿಡಿದು ದಿನಕ್ಕೆ ಮೂರು ನಾಲ್ಕು ವರಸೆ ಬಾಯಿಪಾಠ ಮಾಡಿದೆ. ಹತ್ತನೇ ದಿನ ಇಡೀ ಸರಣಿಯನ್ನ ಒಂದೂವರೆ ನಿಮಿಷದಲ್ಲಿ ಮಾಡಿ ತೋರಿಸಿದೆ. ತಮ್ಮ ಚಪ್ಪಾಳೆ ತಟ್ಟಿದ.

ಹನ್ನೊಂದನೇ ದಿನ ಬಲಮಂಡಿ ಊದಿಕೊಂಡಿತ್ತು. ಮೆಟ್ಟಿಲು ಇಳಿಯೋಕೂ ಗೋಡೆ ಹಿಡೀಬೇಕಾಯ್ತು. ಫಿಸಿಯೊಥೆರಪಿಸ್ಟ್ ಹತ್ತಿರ ಹೋದರೆ, ಆರು ವಾರ ಕುಕ್ಕರಗಾಲಲ್ಲಿ ಕೂರಬೇಡ, ಓಡಬೇಡ ಅಂದರು. ಏನು ಮಾಡ್ಕೊಂಡೆ ಅಂತ ಕೇಳಿದಾಗ "ತಾಯ್‌ಚಿ" ಅಂತ ಹೇಳೋಕೆ ನಾಚಿಕೆ ಆಯ್ತು. ಅಜ್ಜ ಅಜ್ಜಿಯರು ಪಾರ್ಕಿನಲ್ಲಿ ನಿಧಾನಕ್ಕೆ ಮಾಡೋ ವ್ಯಾಯಾಮದಲ್ಲಿ ಇಪ್ಪತ್ತು ವರ್ಷದ ಹುಡುಗ ಮಂಡಿ ಕೆಡಿಸಿಕೊಂಡು ಬಂದಿದ್ದ!

ಆಮೇಲೆ ಒಂದು ಭಾನುವಾರದ ತರಗತಿಗೆ ಸೇರಿದೆ. ಅಲ್ಲಿನ ಮೇಡಂ ಮೊದಲ ದಿನ, "ಬರೀ ಒಂದನೇ ವರಸೆ ಮಾಡಿ ನಿಲ್ಲಿ" ಅಂದರು. ಮಾಡಿ ನಿಂತೆ. "ಈಗ ನಿಮ್ಮ ಕತ್ತಿಯ ತುದಿ ನೋಡಿ" ಅಂದರು. ಗಾಳಿಗೆ ಸಿಕ್ಕಿದ ತೆಂಗಿನ ಗರಿ ಹಾಗೆ ಅಲ್ಲಾಡ್ತಿತ್ತು. ನನಗೆ 32 ವರಸೆ ಬರುತ್ತೆ ಅಂದುಕೊಂಡಿದ್ದೆ, ಒಂದೂ ಬರ್ತಿರಲಿಲ್ಲ.

ಈ ಲೇಖನ ಆ ದಿನದಿಂದ ಮುಂದೆ ಕಲಿತದ್ದು. ನಮ್ಮ ಕ್ಯಾಂಪಸ್ಸಿನಲ್ಲಿ ಇದನ್ನ ಕಲಿಯೋ ಆಸೆ ಇರೋರು ನನ್ನ ಹಾಗೆ ಹಿಂದುಮುಂದಾಗಿ ಶುರು ಮಾಡೋದು ಬೇಡ ಅಂತ ಬರೀತಿದ್ದೀನಿ.

ಇದು ಎಲ್ಲಿಂದ ಬಂತು?

ತಾಯ್‌ಚಿ ಚೀನಾದ ಯುದ್ಧಕಲೆ. ಹೆನಾನ್ ಪ್ರಾಂತ್ಯದ ಚೆನ್‌ಜಿಯಾಗೌ ಅನ್ನೋ ಹಳ್ಳಿಯ ಚೆನ್ ಮನೆತನದಲ್ಲಿ ಇದು ಬೆಳೆಯಿತು. ಅಲ್ಲಿ ಕಲಿತ ಯಾಂಗ್ ಲುಚಾನ್ (1799–1872) ಬೀಜಿಂಗ್‌ಗೆ ತಂದು ಕಲಿಸಿದರು. ಅವರ ಮೊಮ್ಮಗ ಯಾಂಗ್ ಚೆಂಗ್‌ಫು (1883–1936) ಕಲಿಸಿದ ನಿಧಾನವಾದ, ಅಗಲವಾದ, ಒಂದೇ ವೇಗದ ಶೈಲಿಯೇ ಇವತ್ತು ಪಾರ್ಕುಗಳಲ್ಲಿ ನಾವು ನೋಡೋ ತಾಯ್‌ಚಿಯ ಮೂಲ. ಅವರ ಶಿಷ್ಯ ಚೆನ್ ವೈಮಿಂಗ್ 1928ರಲ್ಲಿ ತಾಯ್‌ಚಿ ಕತ್ತಿಯ ಬಗ್ಗೆಯೇ ಒಂದು ಪುಸ್ತಕ ತಂದರು. 2020ರಲ್ಲಿ ಯುನೆಸ್ಕೊ ತಾಯ್‌ಚಿಯನ್ನ ಮಾನವಕುಲದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು.

ಯಾಂಗ್ ಶೈಲಿಯ ಸಾಂಪ್ರದಾಯಿಕ ಕತ್ತಿ ಸರಣಿಯಲ್ಲಿ ಐವತ್ತಕ್ಕೂ ಹೆಚ್ಚು ವರಸೆಗಳಿವೆ. ಸಾಮಾನ್ಯ ಜನರಿಗೆ ಅಷ್ಟು ಉದ್ದದ್ದು ಕಷ್ಟ ಅಂತ ಚೀನಾದ ಕ್ರೀಡಾ ಆಯೋಗ 1956ರಲ್ಲಿ ಬರಿಗೈಯ 24 ವರಸೆಗಳ ಸರಣಿಯನ್ನೂ, 1957ರಲ್ಲಿ ಕತ್ತಿಯ 32 ವರಸೆಗಳ ಸರಣಿಯನ್ನೂ ರೂಪಿಸಿತು. ಈ ಕೆಲಸದಲ್ಲಿ ಮುಖ್ಯವಾಗಿ ಕೇಳಿಬರೋ ಹೆಸರು ಲಿ ತಿಯೆನ್‌ಜಿ ಅವರದು. ಲೋಕದ ಎಲ್ಲಾ ಕಡೆ ಹೊಸಬರು ಮೊದಲು ಕಲಿಯೋದು ಸಾಮಾನ್ಯವಾಗಿ ಈ 32ನ್ನೇ. ನಾನು ಹೇಳ್ತಿರೋದೂ ಇದರ ಬಗ್ಗೆಯೇ.

ಇಲ್ಲಿ ಬಳಸೋ ಕತ್ತಿಗೆ ಜಿಯೆನ್ ಅಂತಾರೆ. ನೇರವಾದದ್ದು, ಎರಡೂ ಕಡೆ ಅಲಗು ಇರೋದು. ಒಂದೇ ಕಡೆ ಅಲಗಿದ್ದು ಬಾಗಿರೋದು ದಾವ್; ಅದರ ಸರಣಿಗಳು ಬೇರೆ. ದಾವ್ ಕಲಿಯೋಕೆ ನೂರು ದಿನ, ಈಟಿಗೆ ಸಾವಿರ ದಿನ, ಜಿಯೆನ್‌ಗೆ ಹತ್ತು ಸಾವಿರ ದಿನ ಅಂತ ಚೀನಾದಲ್ಲೊಂದು ಗಾದೆ ಇದೆ. ಹತ್ತು ಸಾವಿರ ದಿನ ಅಂದರೆ 27 ವರ್ಷ. ನಾನು ಒಂಬತ್ತು ದಿನದಲ್ಲಿ ಮುಗಿಸಿದ್ದೆ!

ಕತ್ತಿ ಆರಿಸೋದು

ಮೊದಲ ಎರಡು ತಿಂಗಳಿಗೆ ಮರದ ಕತ್ತಿ ಸಾಕು. ಅದೂ ಸಿಗದಿದ್ದರೆ 90 ಸೆಂ.ಮೀ. ಉದ್ದದ ನೇರ ಕೋಲು ನಡೆಯುತ್ತೆ. ಆಮೇಲೆ ಲೋಹದ ಅಭ್ಯಾಸದ ಕತ್ತಿ ಕೊಳ್ಳುವಾಗ ಮೂರು ವಿಷಯ ನೋಡಿ.

1. ಉದ್ದ: ಎಡಗೈಯಲ್ಲಿ ಕತ್ತಿಯನ್ನ ತಲೆಕೆಳಗಾಗಿ ಹಿಡಿದು, ಅಲಗು ತೋಳಿನ ಹಿಂದೆ ನೆಟ್ಟಗೆ ನಿಲ್ಲೋ ಹಾಗೆ ಕೈ ಇಳಿಬಿಡಿ. ತುದಿ ಕಿವಿಯ ಮೇಲ್ಭಾಗದ ಮಟ್ಟಕ್ಕೆ ಬರಬೇಕು. ಸ್ಪರ್ಧೆಯ ನಿಯಮದಲ್ಲೂ ಅದಕ್ಕಿಂತ ಕೆಳಗೆ ಇರಬಾರದು. ಅಂದರೆ ಕತ್ತಿಯ ಉದ್ದ ನಿಮ್ಮ ದೇಹಕ್ಕೆ ತಕ್ಕದ್ದು. ಗೆಳೆಯನ ಕತ್ತಿ ನಿಮಗೆ ಆಗಬೇಕು ಅಂತೇನಿಲ್ಲ.

2. ಅಲಗು: ಮೊಂಡಾಗಿರಬೇಕು. ಹರಿತವಾದ ಕತ್ತಿ ನಮಗೆ ಯಾವ ಕಾರಣಕ್ಕೂ ಬೇಡ. ಪ್ರದರ್ಶನಕ್ಕೆ ಅಂತ ತಗಡಿನ ಹಾಗೆ ತೆಳ್ಳಗಿರೋ ಕತ್ತಿಗಳೂ ಬರುತ್ತವೆ. ಬೀಸಿದರೆ ಝಲ್ ಅಂತ ಸದ್ದು ಮಾಡ್ತವೆ, ಕೇಳೋಕೆ ಚೆನ್ನ. ಆದರೆ ಅಲ್ಲಾಡ್ತಿರೋದು ಕೈಯಾ, ತಗಡಾ ಅಂತ ಗೊತ್ತಾಗಲ್ಲ. ಸ್ವಲ್ಪ ಬಿಗಿಯಾದ ಅಲಗೇ ಒಳ್ಳೆಯದು.

3. ತೂಕದ ಸಮತೋಲ: ಅಲಗನ್ನ ಬೆರಳಿನ ಮೇಲೆ ಅಡ್ಡಲಾಗಿ ಇಟ್ಟು ನೋಡಿ. ಕಾವಲಿನಿಂದ, ಅಂದರೆ ಹಿಡಿಗೂ ಅಲಗಿಗೂ ನಡುವಿನ ಅಡ್ಡಪಟ್ಟಿಯಿಂದ, ಒಂದು ಗೇಣಿನ ಒಳಗೆ ಸಮತೋಲ ಸಿಕ್ಕರೆ ಕೈಗೆ ಹಗುರ ಅನ್ನಿಸುತ್ತೆ. ಮುಂದೆ ಹೋದಷ್ಟೂ ಅದೇ ತೂಕದ ಕತ್ತಿ ಭಾರ ಅನ್ನಿಸುತ್ತೆ. ಯಾಕೆ ಅಂತ ನಿಮಗೆ ಹೇಳಬೇಕಾಗಿಲ್ಲ, ಮೊದಲ ವರ್ಷದ ಮೆಕ್ಯಾನಿಕ್ಸ್ ನೆನಪಿದ್ದರೆ ಸಾಕು.

ಹಿಡಿತ, ಎಡಗೈ

ಬಸ್ಸಿನ ರಾಡ್ ಹಿಡಿದ ಹಾಗೆ ಕತ್ತಿ ಹಿಡೀಬೇಡಿ. ಷಟಲ್ ಆಡೋರಿಗೆ ಇದು ಬೇಗ ಅರ್ಥ ಆಗುತ್ತೆ. ರ್‍ಯಾಕೆಟ್ಟನ್ನ ಯಾವಾಗಲೂ ಸಡಿಲವಾಗಿ ಹಿಡಿದು, ಕಾಕ್‌ಗೆ ಹೊಡೆಯೋ ಕ್ಷಣ ಮಾತ್ರ ಬಿಗಿ ಮಾಡ್ತೀವಲ್ಲ, ಹಾಗೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಕತ್ತಿಯನ್ನ ಹೊರ್ತವೆ. ಉಳಿದ ಎರಡು ಬೆರಳು ವರಸೆಗೆ ತಕ್ಕ ಹಾಗೆ ಬಿಗಿಯಾಗ್ತವೆ, ಸಡಿಲವಾಗ್ತವೆ. ಅಂಗೈ ಮತ್ತು ಹಿಡಿಯ ನಡುವೆ ಸ್ವಲ್ಪ ಜಾಗ ಇರಬೇಕು. ಆ ಜಾಗ ಇಲ್ಲದಿದ್ದರೆ ಮಣಿಕಟ್ಟು ತಿರುಗಲ್ಲ.

ಎಡಗೈಯಲ್ಲಿ "ಕತ್ತಿಬೆರಳು" ಅನ್ನೋ ಮುದ್ರೆ. ತೋರುಬೆರಳು ಮತ್ತು ನಡುಬೆರಳು ಜೋಡಿಸಿ ನೇರವಾಗಿ ಚಾಚಬೇಕು. ಉಂಗುರಬೆರಳು, ಕಿರುಬೆರಳು ಮಡಚಿ ಅವುಗಳ ಉಗುರಿನ ಮೇಲೆ ಹೆಬ್ಬೆರಳು ಇಡಬೇಕು. ಇದು ಅಲಂಕಾರ ಅಂದುಕೊಂಡು ನಾನು ಮೊದಲು ಕಡೆಗಣಿಸಿದ್ದೆ. ಒಂದು ದಿನ ಎಡಗೈಯನ್ನ ಜೇಬಿನಲ್ಲಿ ಇಟ್ಟುಕೊಂಡು ಒಂಟಿಕಾಲಿನ ವರಸೆ ಮಾಡಿ ನೋಡಿ. ಬಲಗೈ ಮತ್ತು ಕತ್ತಿ ಒಂದು ಕಡೆ ಹೋದಾಗ ಎಡಗೈ ಇನ್ನೊಂದು ಕಡೆ ಹೋಗಿ ತೂಕ ಸರಿದೂಗಿಸುತ್ತೆ. ಕೆಲವು ವರಸೆಗಳಲ್ಲಿ ಅದು ಬಲ ಮಣಿಕಟ್ಟಿನ ಹತ್ತಿರ ಬಂದು ಕೂರುತ್ತೆ, ಆಗ ಎರಡೂ ಭುಜ ಒಟ್ಟಿಗೆ ಕೆಲಸ ಮಾಡ್ತವೆ.

ತುದಿಯ ಲೆಕ್ಕ

ಈಗ ಲೇಖನದ ಮುಖ್ಯ ಮಾತಿಗೆ ಬರ್ತೀನಿ. ಬರಿಗೈ ತಾಯ್‌ಚಿ ಇರುವಾಗ ಕತ್ತಿ ಯಾಕೆ ಬೇಕು?

ಮಣಿಕಟ್ಟಿನಿಂದ ಬೆರಳ ತುದಿಗೆ ಸುಮಾರು 18 ಸೆಂ.ಮೀ. ಮಣಿಕಟ್ಟು 1 ಡಿಗ್ರಿ ಅಲ್ಲಾಡಿದರೆ ಬೆರಳ ತುದಿ ಸುಮಾರು 3 ಮಿ.ಮೀ. ಸರಿಯುತ್ತೆ. ಕಣ್ಣಿಗೆ ಕಾಣೋದೇ ಕಷ್ಟ. ಅದೇ ಕೈಯಲ್ಲಿ ಕತ್ತಿ ಇದ್ದರೆ ಮಣಿಕಟ್ಟಿನಿಂದ ತುದಿಗೆ ಸುಮಾರು 80 ಸೆಂ.ಮೀ. ಅದೇ 1 ಡಿಗ್ರಿಗೆ ತುದಿ 1.4 ಸೆಂ.ಮೀ. ಸರಿಯುತ್ತೆ. ಇನ್ನು ಸೊಂಟ 1 ಡಿಗ್ರಿ ಹೆಚ್ಚು ತಿರುಗಿದರೆ? ಬೆನ್ನುಮೂಳೆಯಿಂದ ತುದಿಯವರೆಗೆ ಸುಮಾರು ಒಂದೂವರೆ ಮೀಟರ್ ಅಂತ ಇಟ್ಟುಕೊಂಡರೆ 2.6 ಸೆಂ.ಮೀ. ಅದು ಎದುರಿಗೆ ನಿಂತೋರಿಗೂ ಕಾಣುತ್ತೆ.

ಮೆಕ್ಯಾನಿಕಲ್‌ನೋರು ಮೆಟ್ರಾಲಜಿ ಲ್ಯಾಬಿನಲ್ಲಿ ಡಯಲ್ ಗೇಜ್ ನೋಡಿದ್ದೀರಿ. ಒಳಗಿನ ಚಿಕ್ಕ ಚಲನೆಯನ್ನ ಮುಳ್ಳಿನ ದೊಡ್ಡ ಚಲನೆ ಮಾಡಿ ತೋರಿಸೋದು ಅದರ ಕೆಲಸ. ಕತ್ತಿಯೂ ಅಷ್ಟೇ. ಪಾದ ನೆಲದಲ್ಲಿ ಸರಿಯಾಗಿ ಕೂತಿಲ್ಲ, ಮಂಡಿ ಒಳಕ್ಕೆ ಬಿದ್ದಿದೆ, ಭುಜ ಮೇಲೆದ್ದಿದೆ, ಉಸಿರು ಕಟ್ಟಿದೆ, ಇವೆಲ್ಲ ಬರಿಗೈಯಲ್ಲಿ ಮುಚ್ಚಿಹೋಗ್ತವೆ. ಕತ್ತಿಯ ತುದಿಯಲ್ಲಿ ಎದ್ದು ಕಾಣ್ತವೆ.

ಭಾರದ ಲೆಕ್ಕವೂ ಹೀಗೇ. 700 ಗ್ರಾಂ ಕತ್ತಿಯ ಗುರುತ್ವ ಕೇಂದ್ರ ಮಣಿಕಟ್ಟಿನಿಂದ 25 ಸೆಂ.ಮೀ. ಮುಂದಿದೆ ಅಂತಿಟ್ಟುಕೊಳ್ಳಿ. ಕತ್ತಿ ಅಡ್ಡಲಾಗಿದ್ದಾಗ ಮಣಿಕಟ್ಟಿನ ಮೇಲೆ ಟಾರ್ಕ್ ಸುಮಾರು 1.7 ನ್ಯೂಟನ್ ಮೀಟರ್. ಕೈ ಪೂರ್ತಿ ಚಾಚಿದರೆ ಭುಜದಿಂದ ಆ ಕೇಂದ್ರಕ್ಕೆ 80 ಸೆಂ.ಮೀ., ಟಾರ್ಕ್ ಸುಮಾರು 5.5. ಇದು ಕೈಯ ತೂಕ ಬಿಟ್ಟು. ವೇಗವಾಗಿ ಬೀಸಿದರೆ ಈ ಭಾರ ಗೊತ್ತೇ ಆಗಲ್ಲ, ಕತ್ತಿ ತನ್ನ ವೇಗದಲ್ಲೇ ಹೋಗಿಬಿಡುತ್ತೆ. ನಿಧಾನ ಮಾಡಿದರೆ ದಾರಿಯ ಪ್ರತಿ ಇಂಚಿನಲ್ಲೂ ನೀವೇ ಹೊರಬೇಕು. ಪೂರ್ತಿ ಸರಣಿಗೆ ಸಾಮಾನ್ಯವಾಗಿ ಮೂರು ನಿಮಿಷ ಬೇಕು ಅನ್ನೋದು ಇದಕ್ಕೇ. ನಾನು ಒಂದೂವರೆ ನಿಮಿಷದಲ್ಲಿ ಮಾಡಿದ್ದು ಸಾಧನೆಯಲ್ಲ, ಅರ್ಧ ಕೆಲಸವನ್ನ ಕತ್ತಿಯ ಮೇಲೆ ಹಾಕಿ ತಪ್ಪಿಸಿಕೊಂಡಿದ್ದೆ.

ಇನ್ನೊಂದು ಎಚ್ಚರ. ತುದಿ ಅಲ್ಲಾಡೋದು ಕಂಡ ಕೂಡಲೇ ಮಣಿಕಟ್ಟಿನಿಂದ ಸರಿಮಾಡೋಕೆ ಹೋದರೆ ಅಲ್ಲಾಟ ಇನ್ನೂ ಜಾಸ್ತಿ ಆಗುತ್ತೆ. ಕಂಟ್ರೋಲ್ ಸಿಸ್ಟಮ್ಸ್ ಓದಿದೋರಿಗೆ ಗೊತ್ತು, ತಡವಾಗಿ ಬರೋ ಫೀಡ್‌ಬ್ಯಾಕಿಗೆ ಗೇನ್ ಜಾಸ್ತಿ ಇಟ್ಟರೆ ಸಿಸ್ಟಮ್ ತೂಗಾಡೋಕೆ ಶುರುಮಾಡುತ್ತೆ. ತುದಿಯಲ್ಲಿ ತಪ್ಪು ಕಂಡರೆ ಪಾದದಿಂದ ಹುಡುಕುತ್ತಾ ಮೇಲೆ ಬನ್ನಿ: ಪಾದ, ಮಂಡಿ, ಸೊಂಟ, ಭುಜ, ಮೊಣಕೈ, ಕೊನೆಗೆ ಮಣಿಕಟ್ಟು.

ಎಂಟು ಮೂಲ ಕ್ರಿಯೆಗಳು

32 ವರಸೆ ಅಂದರೆ 32 ಹೊಸ ವಿಷಯ ಅಲ್ಲ. ಕೆಲವೇ ಕ್ರಿಯೆಗಳು ಬೇರೆ ಬೇರೆ ನಿಲುವಿನ ಜೊತೆ ಸೇರಿ ಬರ್ತವೆ. ಮುಖ್ಯವಾದವು ಇವು.

1. ದ್ಯೆನ್ (ಕುಕ್ಕುವುದು): ತೋಳು ಹಾಗೇ ಇದ್ದು ಮಣಿಕಟ್ಟು ಮೇಲೇಳುತ್ತೆ, ತುದಿ ಮುಂದಕ್ಕೆ ಕೆಳಗೆ ಕುಕ್ಕುತ್ತೆ. ಶಕ್ತಿ ತುದಿಯಲ್ಲಿ.
2. ತ್ಸಿ (ತಿವಿಯುವುದು): ತೋಳು ಮತ್ತು ಕತ್ತಿ ಒಂದೇ ನೇರ ಗೆರೆ. ಶಕ್ತಿ ಹಿಂಗಾಲಿನಿಂದ ಸೊಂಟದ ಮೂಲಕ ತುದಿಗೆ.
3. ಪಿ (ಕಡಿಯುವುದು): ಮೇಲಿಂದ ಕೆಳಕ್ಕೆ ಇಡೀ ಅಲಗು ಇಳಿಯುತ್ತೆ. ಕುಕ್ಕುವುದು ಮಣಿಕಟ್ಟಿನ ಕೆಲಸ, ಕಡಿಯುವುದು ಇಡೀ ತೋಳಿನ ಕೆಲಸ. ಹೊಸಬರು ಇವೆರಡನ್ನ ಕಲಸಿಬಿಡ್ತಾರೆ.
4. ದಾಯ್ (ಸೆಳೆಯುವುದು): ಕತ್ತಿ ಮಟ್ಟವಾಗಿ ಮುಂದಿನಿಂದ ಪಕ್ಕಕ್ಕೆ, ಹಿಂದಕ್ಕೆ ಬಾಗಿ ಬರುತ್ತೆ.
5. ಲ್ಯಾವ್ (ಕೆಳಗಿಂದ ಎತ್ತುವುದು): ದೇಹದ ಪಕ್ಕದಲ್ಲೇ ವೃತ್ತ ಹಾಕಿ ಅಲಗು ಕೆಳಗಿಂದ ಮುಂದಕ್ಕೆ, ಮೇಲಕ್ಕೆ ಬರುತ್ತೆ.
6. ಲಾನ್ (ತಡೆಯುವುದು): ಓರೆಯಾಗಿ ಮುಂದೆ ಮೇಲೆ ಎತ್ತಿ ಎದುರಿನ ಏಟನ್ನ ತಡೆಯೋದು.
7. ಚೌ (ಹಿಂದೆಳೆಯುವುದು): ಮುಂದೆ ಹೋದ ಕತ್ತಿಯನ್ನ ಅಲಗಿನುದ್ದಕ್ಕೂ ಹಿಂದಕ್ಕೆ ತರೋದು.
8. ಮೋ (ಸವರುವುದು): ಮಟ್ಟವಾದ ಅಲಗಿನಿಂದ ಎದುರಿಗೆ ಅಡ್ಡಲಾಗಿ ಸವರೋದು.

ಮೊದಲು ಇವನ್ನ ನಿಂತಲ್ಲೇ, ಕಾಲು ಕದಲಿಸದೆ ಅಭ್ಯಾಸ ಮಾಡಿ. ದಿನಕ್ಕೆ ಎರಡು ಕ್ರಿಯೆ, ಒಂದೊಂದು ಹತ್ತು ಸಲ. ಹದಿನೈದು ನಿಮಿಷ ಸಾಕು.

32 ವರಸೆಯ ನಕ್ಷೆ

ಸರಣಿಯಲ್ಲಿ ನಾಲ್ಕು ಭಾಗ, ಒಂದೊಂದರಲ್ಲೂ ಎಂಟು ವರಸೆ. ಮೊದಲ ಭಾಗ ಒಂದು ದಿಕ್ಕಿಗೆ ಹೋಗುತ್ತೆ, ಎರಡನೆಯದು ವಾಪಸ್ ಬರುತ್ತೆ, ಮೂರನೆಯದು ಮತ್ತೆ ಹೋಗುತ್ತೆ, ನಾಲ್ಕನೆಯದು ಮತ್ತೆ ಬರುತ್ತೆ. ಅರ್ಧ ಷಟಲ್ ಕೋರ್ಟಿನಷ್ಟು ಜಾಗ ಇದ್ದರೆ ಧಾರಾಳ. ಶುರುವಿನಲ್ಲಿ ಕತ್ತಿ ಎಡಗೈಯಲ್ಲಿ, ತೋಳಿನ ಹಿಂದೆ ಇರುತ್ತೆ. ಮೊದಲ ವರಸೆಗೆ ಮುಂಚೆ ಬಲಗೈಗೆ ಬರುತ್ತೆ, ಕೊನೆಗೆ ಮತ್ತೆ ಎಡಗೈ ಸೇರುತ್ತೆ.

ಪ್ರತಿ ವರಸೆಗೂ ಎರಡು ಹೆಸರು ಇರುತ್ತೆ. ಒಂದು ಅಧಿಕೃತವಾದ ನೀರಸ ಹೆಸರು: "ಪಾದ ಜೋಡಿಸಿ ಕುಕ್ಕುವುದು" ಅನ್ನೋ ಥರ. ಇನ್ನೊಂದು ಹಳೆಯ ಹೆಸರು. ಹಳೆಯ ಹೆಸರುಗಳನ್ನ ನಾನು ಬರೀ ಕಾವ್ಯ ಅಂದುಕೊಂಡಿದ್ದೆ. ಆದರೆ ಅವು ಹೇಗೆ ಮಾಡಬೇಕು ಅಂತ ಹೇಳ್ತವೆ. ಮೊದಲ ಮೂರನ್ನೇ ನೋಡೋಣ.

ಒಂದನೇ ವರಸೆ, "ಏರೋಪ್ಲೇನ್ ಚಿಟ್ಟೆ ನೀರು ಮುಟ್ಟುವುದು". ಎಡಗಾಲು ಮುಂದಿಟ್ಟು ಬಲಗಾಲನ್ನ ಅದರ ಪಕ್ಕ ತಂದು, ಎರಡೂ ಮಂಡಿ ಸ್ವಲ್ಪ ಬಗ್ಗಿಸಿ, ಕತ್ತಿಯನ್ನ ಎಡಪಕ್ಕದಿಂದ ಮೇಲೆ ಸುತ್ತಿಸಿ ಮುಂದೆ ಕೆಳಗೆ ಕುಕ್ಕಬೇಕು. ಎಡಗೈಯ ಕತ್ತಿಬೆರಳು ಬಲ ಮಣಿಕಟ್ಟಿನ ಹತ್ತಿರ. ಕೆರೆಯ ಮೇಲೆ ಏರೋಪ್ಲೇನ್ ಚಿಟ್ಟೆ ಬಾಲದ ತುದಿ ಮುಟ್ಟಿಸಿ ಏಳೋದನ್ನ ನೋಡಿದ್ದರೆ ಎಷ್ಟು ಹಗುರ ಇರಬೇಕು ಅಂತ ಗೊತ್ತಾಗುತ್ತೆ. ನಾನು ಬಾವಿಗೆ ಬಿಂದಿಗೆ ಬಿಟ್ಟ ಹಾಗೆ ಕುಕ್ಕುತ್ತಿದ್ದೆ. ಬೆನ್ನು ಬಾಗಬಾರದು. ಕೆಳಗೆ ಹೋಗೋದು ತುದಿ, ನೀವಲ್ಲ.

ಎರಡನೆಯದು, ಒಂಟಿಕಾಲಿನಲ್ಲಿ ನಿಂತು ತಿವಿಯೋದು. ಇದಕ್ಕೆ ಹಳೆಯ ಹೆಸರು ಒಂದು ನಕ್ಷತ್ರದೇವತೆಯದು. ಬಲಗಾಲಿನ ಮೇಲೆ ನಿಂತು ಎಡಮಂಡಿ ಎತ್ತಿ, ಕತ್ತಿಯನ್ನ ತಲೆಯ ಮೇಲಿಂದ ಮುಂದಕ್ಕೆ ತಿವಿಯಬೇಕು. ಎಡಗೈಯ ಕತ್ತಿಬೆರಳೂ ಮುಂದಕ್ಕೆ. ಇಲ್ಲಿ ಎಲ್ಲರೂ ಮಾಡೋ ತಪ್ಪು ಮಂಡಿ ಎತ್ತೋ ಆತುರ. ಮೊದಲು ತೂಕ ಪೂರ್ತಿ ಬಲಗಾಲಿಗೆ ಬರಲಿ. ಆಮೇಲೆ ಎಡಗಾಲು ತಾನಾಗೇ ಹಗುರವಾಗಿ ಏಳುತ್ತೆ.

ಮೂರನೆಯದು, "ಅಂಬರಗುಬ್ಬಿ ನೀರು ಸವರುವುದು". ನನ್ನ ಮಂಡಿ ಕೆಡಿಸಿದ್ದು ಇದೇ. ಕತ್ತಿಯನ್ನ ಬಲ ಹಿಂಬದಿಗೆ ಕಡಿದು, ಬಲಗಾಲಿನ ಮೇಲೆ ಕುಸಿದು, ಎಡಗಾಲನ್ನ ಪಕ್ಕಕ್ಕೆ ಉದ್ದ ಚಾಚಿ, ಕತ್ತಿಯನ್ನ ಎಡಕ್ಕೆ ಗುಡಿಸುತ್ತಾ ಮೇಲೇಳಬೇಕು. ವಿಡಿಯೊದಲ್ಲಿದ್ದೋರು ನೆಲಕ್ಕೆ ತಾಗೋ ಹಾಗೆ ಕೂತಿದ್ದರು. ನಾನೂ ಕೂತೆ, ದಿನಕ್ಕೆ ಮೂವತ್ತು ಸಲ. ಕೂರುವಾಗ ಬಲಮಂಡಿ ಒಳಕ್ಕೆ ಬೀಳ್ತಿತ್ತು, ಪಾದ ಮಾತ್ರ ಹೊರಕ್ಕೆ ನೋಡ್ತಿತ್ತು. ಕೀಲು ಬಾಗೋಕೆ ಇರೋದು, ತಿರುಚೋಕೆ ಅಲ್ಲ. ನೆನಪಿಡಬೇಕಾದ್ದು ಒಂದೇ: ಮಂಡಿ ಯಾವಾಗಲೂ ಕಾಲ್ಬೆರಳು ನೋಡೋ ದಿಕ್ಕಿಗೇ ಹೋಗಬೇಕು. ಅದು ತಪ್ಪೋ ಎತ್ತರದಲ್ಲಿ ನಿಲ್ಲಿಸಿ, ಇನ್ನೂ ಕೆಳಗೆ ಹೋಗಬೇಡಿ. ಅರ್ಧ ಕೂತರೂ ವರಸೆ ವರಸೆಯೇ. ಅಂಬರಗುಬ್ಬಿ ನೀರನ್ನ ಸವರಿ ಹೋಗುತ್ತೆ, ಮುಳುಗಲ್ಲ ಅಲ್ವಾ?

ಮುಂದೆ ಬರೋ ಕೆಲವು ಹೆಸರುಗಳು: ಎಂಟನೆಯದು ಗೂಡಿನ ಹಕ್ಕಿ ಕಾಡಿಗೆ ಮರಳುವುದು, ಹನ್ನೊಂದನೆಯದು ಗಾಳಿಗೆ ತಾವರೆ ಎಲೆ ಸುರುಳುವುದು, ಹದಿನಾಲ್ಕನೆಯದು ಕಾಡುಕುದುರೆ ಕಮರಿ ಹಾರುವುದು, ಇಪ್ಪತ್ತೆರಡನೆಯದು ಹೊಳೆ ಹರಿವಿಗೆ ದೋಣಿ ನೂಕುವುದು, ಇಪ್ಪತ್ತಮೂರನೆಯದು ಉಲ್ಕೆ ಚಂದ್ರನ ಬೆನ್ನಟ್ಟುವುದು. ಕೊನೆಯ 32ನೆಯದು ನೇರವಾಗಿ ತಿವಿದು ನಿಲ್ಲೋದು. ಅದರ ಹೆಸರು ದಿಕ್ಸೂಚಿಯ ಮುಳ್ಳು. ಸುತ್ತಿ ಸುಳಿದು ಬಂದ ಕತ್ತಿ ಕೊನೆಗೆ ಒಂದು ದಿಕ್ಕಿಗೆ ನಿಂತು ಅಲ್ಲಾಡದೆ ಇರಬೇಕು. ಇಡೀ ಸರಣಿಯಲ್ಲಿ ನೋಡೋಕೆ ಅತಿ ಸರಳವಾದದ್ದು ಇದೇ, ಮಾಡೋಕೆ ಅತಿ ಕಷ್ಟ.

ಅಭ್ಯಾಸದ ವೇಳಾಪಟ್ಟಿ

ಸೆಮಿಸ್ಟರ್ ನಡುವೆ ದಿನಕ್ಕೆ ಇಪ್ಪತ್ತೈದು ನಿಮಿಷ ಸಿಗುತ್ತೆ ಅಂತ ಲೆಕ್ಕ ಹಾಕಿ ಇದನ್ನ ಮಾಡಿದ್ದೀನಿ. ಮಂಡಿ ವಾಸಿಯಾದ ಮೇಲೆ ನಾನು ಪಾಲಿಸಿದ್ದೂ ಇದೇ.

ವಾರ 1, 2: ಕತ್ತಿ ಮುಟ್ಟಬೇಡಿ. ಮೂರು ನಿಲುವು ಕಲಿಯಿರಿ. ಬಿಲ್ಲು ನಿಲುವು: ಮುಂಗಾಲು ಬಾಗಿ ಹಿಂಗಾಲು ಚಾಚಿದ್ದು. ಖಾಲಿ ನಿಲುವು: ತೂಕವೆಲ್ಲ ಹಿಂಗಾಲಿನಲ್ಲಿ, ಮುಂಗಾಲು ಬರೀ ನೆಲ ಮುಟ್ಟಿರೋದು. ಒಂಟಿಕಾಲು ನಿಲುವು. ಒಂದರಿಂದ ಇನ್ನೊಂದಕ್ಕೆ ನಿಧಾನವಾಗಿ ತೂಕ ಸಾಗಿಸಿ. ಬರಿಗೈಯ 24 ವರಸೆ ಬರೋರು ಇದನ್ನ ಬಿಟ್ಟು ಮುಂದೆ ಹೋಗಬಹುದು.

ವಾರ 3, 4: ಎಂಟು ಮೂಲ ಕ್ರಿಯೆ, ನಿಂತಲ್ಲೇ.

ವಾರ 5ರಿಂದ 8: ಮೊದಲ ಭಾಗದ ಎಂಟು ವರಸೆ, ವಾರಕ್ಕೆ ಎರಡೇ. ಹೊಸದು ಸೇರಿಸೋ ಮುಂಚೆ ಹಳೆಯದೆಲ್ಲ ಒಮ್ಮೆ.

ಆಮೇಲೆ ಒಂದೊಂದು ಭಾಗಕ್ಕೂ ಒಂದೊಂದು ತಿಂಗಳು. ಅಂದರೆ ಒಟ್ಟು ಐದು ತಿಂಗಳು, ಹೆಚ್ಚುಕಡಿಮೆ ಒಂದು ಸೆಮಿಸ್ಟರ್.

ಇದರ ಜೊತೆ ದಿನಕ್ಕೆ ಒಂದು ನಿಮಿಷದ ಪರೀಕ್ಷೆ. ಗೋಡೆಗೆ ಒಂದು ಚುಕ್ಕಿ ಇಟ್ಟ ಕಾಗದ ಅಂಟಿಸಿ. ಬಿಲ್ಲು ನಿಲುವಿನಲ್ಲಿ ತಿವಿದು, ತುದಿ ಚುಕ್ಕಿಗಿಂತ ಒಂದು ಗೇಣು ಹಿಂದೆ ನಿಲ್ಲೋ ಹಾಗೆ ನಿಲ್ಲಿಸಿ, ಹತ್ತು ಸೆಕೆಂಡ್ ಎಣಿಸಿ. ತುದಿ ಎಷ್ಟು ಅಗಲದಲ್ಲಿ ಓಡಾಡ್ತಿದೆ ನೋಡಿ. ನನ್ನದು ಮೊದಲ ದಿನ ಒಬ್ಬಟ್ಟಿನಷ್ಟು ಅಗಲ ಇತ್ತು. ಎರಡು ತಿಂಗಳಿಗೆ ನಿಪ್ಪಟ್ಟಿನಷ್ಟಕ್ಕೆ ಬಂತು. ಇಂಟರ್ನಲ್ಸ್ ಇದ್ದ ವಾರ, ನಿದ್ದೆಗೆಟ್ಟಾಗ, ಮತ್ತೆ ಒಬ್ಬಟ್ಟು. ಆಗಲೇ ನನಗೆ ಈ ಆಟ ಪೂರ್ತಿ ಹಿಡಿಸಿದ್ದು. ನಾನು ಚೆನ್ನಾಗಿದ್ದೀನಿ ಅಂತ ಯಾರಿಗೆ ಬೇಕಾದರೂ ಹೇಳಬಹುದು, ಕತ್ತಿಯ ತುದಿಗೆ ಹೇಳೋಕಾಗಲ್ಲ.

ತುದಿ ಹೇಳೋ ದೂರುಗಳು

ಡೀಬಗ್ ಮಾಡೋಕೆ ಒಂದು ಚಿಕ್ಕ ಪಟ್ಟಿ. ಫೋನನ್ನ ಸೊಂಟದೆತ್ತರಕ್ಕೆ ಇಟ್ಟು ರೆಕಾರ್ಡ್ ಮಾಡಿಕೊಂಡು ಹೋಲಿಸಿ ನೋಡಿ.

ತುದಿ ಮೇಲೆ ಕೆಳಗೆ ನಡುಗುತ್ತಿದೆ: ಹಿಡಿತ ಬಿಗಿಯಾಗಿದೆ, ಭುಜ ಎದ್ದಿದೆ, ಇಲ್ಲಾ ಉಸಿರು ಕಟ್ಟಿದ್ದೀರಿ. ಒಮ್ಮೆ ಉಸಿರು ಬಿಟ್ಟು ಭುಜ ಇಳಿಸಿ.

ತಿವಿತದ ಕೊನೆಯಲ್ಲಿ ತುದಿ ಪಕ್ಕಕ್ಕೆ ಜಾರುತ್ತಿದೆ: ಎರಡೂ ಪಾದ ಒಂದೇ ಗೆರೆಯ ಮೇಲಿವೆ, ಹಗ್ಗದ ಮೇಲೆ ನಡೆದ ಹಾಗೆ. ಪಾದಗಳ ನಡುವೆ ಅಡ್ಡಲಾಗಿ ಒಂದು ಗೇಣಿನಷ್ಟಾದರೂ ಅಂತರ ಕೊಡಿ.

ತುದಿ ಮೊದಲು ತಲುಪಿ ಕಾಲು ಆಮೇಲೆ ಬರುತ್ತಿದೆ: ಬರೀ ಕೈಯಿಂದ ಮಾಡ್ತಿದ್ದೀರಿ. ಮುಂಗಾಲಿಗೆ ತೂಕ ಬಂದು ನಿಲ್ಲೋದೂ ತುದಿ ನಿಲ್ಲೋದೂ ಒಂದೇ ಕ್ಷಣದಲ್ಲಿ ಆಗಬೇಕು.

ಒಂಟಿಕಾಲಿನಲ್ಲಿ ತುದಿ ವೃತ್ತ ಹಾಕುತ್ತಿದೆ: ಕಣ್ಣು ನೆಲ ನೋಡ್ತಿದೆ. ದೂರದ ಒಂದು ಕಂಬವನ್ನೋ ಮರವನ್ನೋ ನೋಡಿ.

ಕೆಳಗಿಂದ ಎತ್ತುವಾಗ ಕತ್ತಿ ಕಾಲಿಗೆ ತಾಗುತ್ತಿದೆ: ಸೊಂಟ ತಿರುಗುತ್ತಿಲ್ಲ. ದೇಹ ತಿರುಗಿದರೆ ಕತ್ತಿಗೆ ದಾರಿ ತಾನಾಗೇ ಸಿಗುತ್ತೆ.

ಸುರಕ್ಷತೆ

ಕ್ಯಾಂಪಸ್ಸಿನಲ್ಲಿ ಮಾಡೋದಾದರೆ ಮೊದಲೇ ದೈಹಿಕ ಶಿಕ್ಷಣ ವಿಭಾಗದ ಅನುಮತಿ ಕೇಳಿ, ಸೆಕ್ಯುರಿಟಿ ಅಂಕಲ್‌ಗೂ ಹೇಳಿಡಿ. ಬೆಳಗಿನ ಆರು ಗಂಟೆಗೆ ಹಾಸ್ಟೆಲ್ ಹಿಂದೆ ಒಬ್ಬ ಕತ್ತಿ ಹಿಡಿದು ನಿಂತಿದ್ದರೆ ಅವರು ಏನಂದುಕೊಳ್ಳಬೇಕು ಹೇಳಿ! ಓಡಾಡುವಾಗ ಕತ್ತಿ ಚೀಲದೊಳಗೇ ಇರಲಿ, ಮರದ್ದಾದರೂ ಸರಿ. ಸುತ್ತ ಎರಡೂವರೆ ಮೀಟರ್ ಒಳಗೆ ಯಾರೂ ಇರಬಾರದು. ಒದ್ದೆ ಟೈಲ್ಸ್ ಮೇಲೆ ಮಾಡಬೇಡಿ. ಶುರುಮಾಡೋ ಮುಂಚೆ ಕಾಲಿನ ಗಂಟು, ಮಂಡಿ, ಸೊಂಟ, ಭುಜ, ಮಣಿಕಟ್ಟು ಐದು ನಿಮಿಷ ಸಡಿಲ ಮಾಡ್ಕೊಳ್ಳಿ. ಸ್ನಾಯು ದಣಿಯೋದು ಬೇರೆ, ಕೀಲು ಚುಚ್ಚೋದು ಬೇರೆ. ಚುಚ್ಚಿದರೆ ಆ ದಿನಕ್ಕೆ ನಿಲ್ಲಿಸಿ. ನೋವಿನ ಮೇಲೇ ಮಾಡಿ ಗೆದ್ದೆ ಅನ್ನೋ ಹೆಮ್ಮೆಗೆ ನಾನು ಆರು ವಾರ ಬೆಲೆ ಕೊಟ್ಟಿದ್ದೀನಿ. ಸಾಧ್ಯವಾದರೆ ತಿಂಗಳಿಗೊಮ್ಮೆಯಾದರೂ ಗೊತ್ತಿರೋರ ಮುಂದೆ ಮಾಡಿ ತೋರಿಸಿ. ವಿಡಿಯೊ ನಿಮಗೆ ತೋರಿಸುತ್ತೆ, ನಿಮ್ಮನ್ನ ನೋಡಲ್ಲ.

ಕೊನೆಗೆ

ಈಗ ನಾನು ಏಳನೇ ಸೆಮ್‌ನಲ್ಲಿದ್ದೀನಿ. ಮಂಡಿ ಸರಿಹೋಗಿದೆ. ಸರಣಿಯಲ್ಲಿ ಮೂರನೇ ಭಾಗ ನಡೀತಿದೆ, ಇಪ್ಪತ್ತಮೂರನೇ ವರಸೆ. ವೇಳಾಪಟ್ಟಿಯ ಪ್ರಕಾರ ಎಂದೋ ಮುಗೀಬೇಕಿತ್ತು. ಪರೀಕ್ಷೆ, ಪ್ರಾಜೆಕ್ಟ್, ಪ್ಲೇಸ್‌ಮೆಂಟ್ ಅಂತ ಎರಡು ಸಲ ನಿಂತು, ಎರಡು ಸಲವೂ ಒಂದನೇ ವರಸೆಯಿಂದ ಶುರುಮಾಡಿದೆ. ತಮ್ಮ ಮೊನ್ನೆ ಕೇಳಿದ: "ಹೋದ ವರ್ಷ 32 ಬರ್ತಿತ್ತು, ಈಗ 23 ಅಂತೀಯ, ಹಿಂದಕ್ಕೆ ಹೋಗ್ತಿದ್ದೀಯಾ?" ನನಗೆ ನಗು ಬಂತು. ಉತ್ತರ ಕೊಡೋ ಬದಲು ಅವನ ಕೈಗೆ ಮರದ ಕತ್ತಿ ಕೊಟ್ಟು, ಕೈ ಚಾಚಿ ನಿಂತು ತುದಿ ನೋಡು ಅಂದೆ. ಹತ್ತು ಸೆಕೆಂಡ್ ನೋಡಿ ಸುಮ್ಮನಾದ.

ಅದೇ ಐದನೇ ಸೆಮ್‌ನಲ್ಲಿ ಒಂದು ವಿಷಯ ನಾನು ಹೀಗೇ ರಾತ್ರೋರಾತ್ರಿ ಮುಗಿಸಿ ಪಾಸಾಗಿದ್ದೆ. ಇಂಟರ್‌ವ್ಯೂ ಒಂದರಲ್ಲಿ ಅದೇ ವಿಷಯದ ಮೊದಲ ಪಾಠದ ಪ್ರಶ್ನೆ ಬಂತು, ಬಾಯಿ ಬರಲಿಲ್ಲ. ಈಗ ರಾತ್ರಿ ಹೊತ್ತು ಆ ಪುಸ್ತಕ ಮತ್ತೆ ತೆಗೆದಿದ್ದೀನಿ, ವಾರಕ್ಕೆ ಒಂದು ಅಧ್ಯಾಯ.

ಕಲಿಯೋ ಆಸೆ ಇದ್ದರೆ ಭಾನುವಾರ ಬೆಳಗ್ಗೆ ಷಟಲ್ ಕೋರ್ಟಿಗೆ ಬನ್ನಿ. ಕತ್ತಿ ತರಬೇಡಿ. ಮೊದಲ ಎರಡು ವಾರ ಅದರ ಕೆಲಸ ಇಲ್ಲ.